ನಾಲಿಗೆಯಡಿಯ ಹತ್ತು ನಿಮಿಷ

ಬೆಳಿಗ್ಗೆ ಏಳೂವರೆ ಆಯಿತೆಂದರೆ ಬಿಸಿನೀರಕ್ಕನ ಬಾಯಿಗೆ ಬೀಗ. ಏಳು ನಲವತ್ತರವರೆಗೆ ಯಾರು ಬಂದರೂ, ಏನು ಕೇಳಿದರೂ, ಒಲೆಯ ಮೇಲೆ ಹಾಲೇ ಉಕ್ಕಿದರೂ ಆಕೆ ತುಟಿ ಬಿಚ್ಚುವುದಿಲ್ಲ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಗೋಡೆ ಗಡಿಯಾರ ನೋಡುತ್ತಿರುತ್ತಾಳೆ. ಪಕ್ಕದ ಮನೆಯವಳು ಇದನ್ನು ಪ್ರಾರ್ಥನೆ ಎಂದುಕೊಂಡಿದ್ದಳು. ಆ ಹೊತ್ತಿಗೆ ಸಕ್ಕರೆ ಕೇಳಲು ಬಂದರೆ ಬಟ್ಟಲು ಹಿಡಿದು ಬಾಗಿಲಲ್ಲೇ ತಲೆ ತಗ್ಗಿಸಿ ನಿಲ್ಲುತ್ತಿದ್ದಳು. ಮೊನ್ನೆಯವರೆಗೂ ಬಿಸಿನೀರಕ್ಕ ತಿದ್ದಲು ಹೋಗಿರಲಿಲ್ಲ. ತಿದ್ದಬೇಕೆಂದರೆ ತಮ್ಮನ ಕಥೆಯನ್ನೆಲ್ಲ ಹೇಳಬೇಕು, ಅದೇನು ಹೊಸ್ತಿಲಲ್ಲಿ ನಿಂತು ಹೇಳಿ ಮುಗಿಸುವ ಕಥೆಯಲ್ಲ.

ಆಕೆಗೆ ಆ ಹೆಸರು ಬಂದದ್ದು ಆಸ್ಪತ್ರೆಯಲ್ಲಿ. ಮೂವತ್ತೊಂದು ವರ್ಷ ಆಯಾ ಕೆಲಸ, ಅದರಲ್ಲಿ ಇಪ್ಪತ್ತನಾಲ್ಕು ವರ್ಷ ಒಂದೇ ವಾರ್ಡು. ಹಿಂಬದಿಯ ಕಟ್ಟಡದ ಮೇಲಿನ ಮಹಡಿ, ಹನ್ನೆರಡು ಹಾಸಿಗೆ, ಹಸಿರು ಬಣ್ಣ ಬಳಿದ ಕಬ್ಬಿಣದ ಕಿಟಕಿಗಳು. ಬೋರ್ಡಿನ ಮೇಲೆ ಏನೋ ಉದ್ದದ ಹೆಸರಿತ್ತು, ಜನರ ಬಾಯಲ್ಲಿ ಅದು ಪುಡಿ ವಾರ್ಡು. ಬರುವವರಲ್ಲಿ ಮುಕ್ಕಾಲು ಪಾಲು ಹೆರಾಯಿನ್ ಚಟ ಅಂಟಿಸಿಕೊಂಡವರು. ಬೀದಿಯಲ್ಲಿ ಅದಕ್ಕೆ ಪುಡಿ ಅಂತಲೇ ಹೆಸರು. ಚಟದವರೆಂದರೆ ಕೆಂಗಣ್ಣಿನ ರೌಡಿಗಳು ಎಂದು ಹೊರಗಿನವರ ಎಣಿಕೆ. ಒಂದು ದಿನ ಬಂದು ನೋಡಿದ್ದರೆ ಗೊತ್ತಾಗುತ್ತಿತ್ತು: ಶೀತ ಹಿಡಿದ ಮಕ್ಕಳ ಹಾಗೆ ಮೂಗು ಒರೆಸಿಕೊಳ್ಳುತ್ತ, ಕಂಬಳಿಯೊಳಗೆ ಮಂಡಿ ಮಡಚಿ ಬಿದ್ದಿರುತ್ತಿದ್ದರು. ಒಬ್ಬ ಬಸ್ ಡ್ರೈವರು, ಒಬ್ಬ ಪ್ರೆಸ್ಸಿನ ಕೆಲಸದವನು, ಒಮ್ಮೆ ಒಬ್ಬ ಬ್ಯಾಂಕಿನ ಮ್ಯಾನೇಜರು ಕೂಡ.

ಪುಡಿ ನಿಂತು ಅರ್ಧ ದಿನಕ್ಕೆ ಆಕಳಿಕೆ ಶುರುವಾಗುತ್ತದೆ. ಆಮೇಲೆ ಸೀನು, ಕಣ್ಣಲ್ಲಿ ನೀರು, ಮೈಯೆಲ್ಲ ಮುಳ್ಳೇಳುವುದು. ಎರಡನೇ ದಿನ, ಮೂರನೇ ದಿನ ಎಲುಬಿನೊಳಗೆ ಯಾರೋ ಕೂತು ಕೊರೆದಂತೆ ನೋವು. ಹೊಟ್ಟೆ ಹಿಂಡುತ್ತದೆ, ವಾಂತಿ, ಭೇದಿ, ಕಾಲು ತಾನಾಗಿಯೇ ಒದೆಯುತ್ತದೆ. ಐದಾರು ದಿನಕ್ಕೆ ಇಳಿಮುಖ. ಡಾಕ್ಟರು ಔಷಧಿ ಬರೆಯುತ್ತಿದ್ದರು, ನರ್ಸಮ್ಮ ಕೊಡುತ್ತಿದ್ದಳು, ಈಕೆಯದು ಬಿಸಿನೀರು. ಮೆಟ್ಟಿಲ ಪಕ್ಕದ ಪುಟ್ಟ ಕೋಣೆಯಲ್ಲಿ ಒಂದು ಹಳೆಯ ಬಾಯ್ಲರ್ ಇತ್ತು. ಬೆಳಗಿನಿಂದ ಸಂಜೆಯವರೆಗೆ ಬಕೆಟ್ಟು ತುಂಬುವುದು, ರಬ್ಬರ್ ಚೀಲಕ್ಕೆ ನೀರು ಹೊಯ್ದು ಟವೆಲ್ಲಿನಲ್ಲಿ ಸುತ್ತಿ ಹೊಟ್ಟೆಯ ಮೇಲಿಡುವುದು, ಒದೆಯುವ ಕಾಲುಗಳನ್ನು ಹಿಡಿದು ಬಿಸಿನೀರಿನ ಬಕೆಟ್ಟಿಗೆ ಇಳಿಸುವುದು. ಬೈಯುತ್ತಿದ್ದರು, ಎಷ್ಟೋ ಜನ ಬೈದರು. ಆಕೆ ತಿರುಗಿ ಬೈಯುತ್ತಿದ್ದಳು. ಐದನೇ ದಿನ ಅವರೇ 'ಅಕ್ಕಾ, ಬಿಸಿನೀರು' ಎಂದು ಕೂಗುತ್ತಿದ್ದರು.

ಆಕೆಗೆ ಇನ್ನೊಂದು ವಿದ್ಯೆಯೂ ಕೈ ಹತ್ತಿತ್ತು. ಆ ವಾರ್ಡಿನ ಮುಖ್ಯ ಮಾತ್ರೆಯನ್ನು ಬೇಗ ಕೊಟ್ಟರೆ ರೋಗಿಯ ಸ್ಥಿತಿ ಇನ್ನೂ ಕೆಡುತ್ತದೆ. ಮೈಯಿಂದ ಪುಡಿ ಇಳಿದು, ಲಕ್ಷಣಗಳು ಸರಿಯಾಗಿ ಕಾಣಿಸಿಕೊಂಡ ಮೇಲೆಯೇ ಕೊಡಬೇಕು. ಅದಕ್ಕೆ ನರ್ಸಮ್ಮನ ಹತ್ತಿರ ಒಂದು ಶೀಟು ಇರುತ್ತಿತ್ತು: ಕಣ್ಣಿನ ಪಾಪೆ ಎಷ್ಟು, ಬೆವರು ಎಷ್ಟು, ಆಕಳಿಕೆ ಎಷ್ಟು ಎಂದು ಅಂಕ ಹಾಕುವುದು. ಬಿಸಿನೀರಕ್ಕ ಶೀಟು ನೋಡಿದವಳಲ್ಲ. ಬಕೆಟ್ಟು ಇಡುತ್ತ ಒಮ್ಮೆ ಮುಂಗೈಯ ಕೂದಲು ನೋಡುತ್ತಿದ್ದಳು, ಆಕಳಿಕೆ ಎಣಿಸುತ್ತಿದ್ದಳು, "ನರ್ಸಮ್ಮಾ, ಮೂರನೇ ನಂಬರ್‌ಗೆ ಹೊತ್ತಾಯ್ತು" ಎನ್ನುತ್ತಿದ್ದಳು. ಶೀಟು ತುಂಬಿದರೆ ಹಾಗೆಯೇ ಇರುತ್ತಿತ್ತು. ನರ್ಸಮ್ಮ ಸುಮ್ಮನೆ ಹೊಗಳುವ ಹೆಂಗಸಲ್ಲ, ಆದರೂ ಹೊಸ ಡಾಕ್ಟರುಗಳಿಗೆ "ಮೊದಲು ಆ ಅಕ್ಕನ್ನ ಕೇಳಿ" ಎನ್ನುತ್ತಿದ್ದಳು. ಆ ಹೆಮ್ಮೆ ಆಕೆಗೆ ಇತ್ತು, ಸ್ವಲ್ಪ ಜಾಸ್ತಿಯೇ ಇತ್ತು.

ಮಾತ್ರೆ ನುಂಗುವುದಲ್ಲ. ನಾಲಿಗೆಯ ಕೆಳಗಿಟ್ಟು, ತಾನಾಗಿ ಕರಗುವವರೆಗೆ ಸುಮ್ಮನೆ ಕೂರಬೇಕು. ನುಂಗಿದರೆ ಹೊಟ್ಟೆಗೆ ಹೋಗಿ ಹೆಚ್ಚುಪಾಲು ವ್ಯರ್ಥ. ಆದ್ದರಿಂದ ವಾರ್ಡಿನ ಕಾನೂನು: ಹತ್ತು ನಿಮಿಷ ಮಾತಿಲ್ಲ, ನೀರಿಲ್ಲ, ನಗುವೂ ಇಲ್ಲ. ಎಲ್ಲರೂ ಬೆಂಚಿನ ಮೇಲೆ ಸಾಲಾಗಿ ಗಡಿಯಾರ ನೋಡುತ್ತ ಕೂರುತ್ತಿದ್ದರು. ಹತ್ತು ನಿಮಿಷ ಆದ ಮೇಲೆ ಬಿಸಿನೀರಕ್ಕ ಒಬ್ಬೊಬ್ಬರ ಮುಂದೆ ನಿಂತು "ಆ ಅನ್ನು. ನಾಲಿಗೆ ಎತ್ತು" ಎನ್ನುತ್ತಿದ್ದಳು. ಬ್ಯಾಂಕಿನ ಮ್ಯಾನೇಜರೂ ಎತ್ತಿದ.

ಇನ್ನು ತಮ್ಮ.

ಅವಳಿಗಿಂತ ಎಂಟು ವರ್ಷ ಚಿಕ್ಕವನು. ಅಪ್ಪ ಬಿಟ್ಟುಹೋದ ಕ್ಷೌರದಂಗಡಿ ಅವನ ಕೈಗೆ ಬಂತು: ಒಂದು ತಿರುಗುವ ಕುರ್ಚಿ, ಎದುರುಬದುರು ಎರಡು ಕನ್ನಡಿ, ಕಾಯುವವರಿಗೊಂದು ಬೆಂಚು. ಕುರ್ಚಿಯ ಎಡಗೈ ಹಿಡಿಯ ರೆಕ್ಸಿನ್ನು ಹರಿದಿದ್ದನ್ನು ಅಪ್ಪನೇ ದಪ್ಪ ದಾರದಲ್ಲಿ ಹೊಲಿದಿದ್ದ; ಆ ಹೊಲಿಗೆ ಕಡೆಯವರೆಗೂ ಹಾಗೇ ಇತ್ತು. ಬೀದಿಯವರು ತಮ್ಮನಿಗಿಟ್ಟ ಹೆಸರು ರೇಡಿಯೊ. ಗಿರಾಕಿ ಕೂರುವ ಮೊದಲೇ ಮಾತು ಶುರು, ಟವೆಲ್ಲು ಕೊಡವಿದ ಮೇಲೂ ಮುಗಿಯುತ್ತಿರಲಿಲ್ಲ. ಯಾರ ಮನೆಯ ಬೆಕ್ಕು ಎಷ್ಟು ಮರಿ ಹಾಕಿತು, ಯಾವ ಡ್ರೈವರು ಯಾವ ಕಂಡಕ್ಟರನ ಜೊತೆ ಮಾತು ಬಿಟ್ಟ, ಯಾರ ಬಾಡಿಗೆದಾರ ಯಾಕೆ ಮನೆ ಖಾಲಿ ಮಾಡಿದ. ತಲೆಯಲ್ಲಿ ಕತ್ತರಿಸಲು ಒಂದು ಕೂದಲೂ ಇಲ್ಲದವರು ಕೂಡ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಡ್ಯೂಟಿ ಮುಗಿಸಿ ಬಸ್ಸಿಳಿದು ಬರುವಾಗ ಬೀದಿಯ ತಿರುವಿನಲ್ಲೇ ಅವನ ದನಿ ಕೇಳುತ್ತಿತ್ತು. ಈಗಲೂ ಆ ತಿರುವಿಗೆ ಬಂದರೆ ಅವಳ ಕಿವಿ ತಾನಾಗಿ ನೆಟ್ಟಗಾಗುತ್ತದೆ.

ದಿನದ ಮೊದಲ ಗಿರಾಕಿ ಎದುರು ಓಣಿಯ ಮೇಷ್ಟ್ರು. ರಿಟೈರಾಗಿ ಎಷ್ಟೋ ವರ್ಷವಾಗಿತ್ತು, ಏಳೂವರೆಗೆ ಗಡ್ಡ ಕೆರೆಸಿಕೊಳ್ಳುವ ಶಿಸ್ತು ಮಾತ್ರ ರಿಟೈರಾಗಿರಲಿಲ್ಲ. ಅರ್ಧ ಬೀದಿ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ. ರೇಡಿಯೊನ ಕಿವಿಗೂ ಆ ಭಾಗ್ಯ ಸಿಕ್ಕಿತ್ತು. ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಕೊಡದೆ ಇರುವುದು ಆ ಬೀದಿಯಲ್ಲಿ ಯಾರಿಗೂ ಸಾಧ್ಯವಿರಲಿಲ್ಲ.

ಅಂಥ ರೇಡಿಯೊ ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ ಮಾತು ಕಡಿಮೆ ಮಾಡಿದ. ಸಿನಿಮಾ ಥಿಯೇಟರಿನ ಹಿಂದಿನ ಗಲ್ಲಿಯಲ್ಲಿ, ಗೆಳೆಯರ ಜೊತೆ, ಬೆಳ್ಳಿಹಾಳೆಯ ಮೇಲೆ ಪುಡಿ ಕಾಯಿಸಿ ಹೊಗೆ ಎಳೆಯುವುದು ಶುರುವಾಗಿತ್ತು. ಅಕ್ಕನಿಗೆ ಎರಡು ವರ್ಷ ಗೊತ್ತಾಗಲಿಲ್ಲ. ಊರವರ ಆಕಳಿಕೆ ಎಣಿಸುವವಳು ಮನೆಯಲ್ಲಿ ಎಣಿಸಲಿಲ್ಲ. ಅವನೂ ಜಾಣ, ಅವಳ ಮುಂದೆ ಆಕಳಿಸುವ ಹೊತ್ತು ಬರದಂತೆ ನೋಡಿಕೊಳ್ಳುತ್ತಿದ್ದ. ತಿರುವಿನಲ್ಲಿ ದನಿ ಕೇಳದಾದಾಗ ಅವಳು, ಯಾವಳೋ ಹುಡುಗಿ ಇರಬೇಕು, ಎಂದುಕೊಂಡು ಒಳಗೊಳಗೇ ನಕ್ಕಿದ್ದಳು.

ಒಂದು ಬೆಳಿಗ್ಗೆ ಮೇಷ್ಟ್ರು ಕೆನ್ನೆಗೆ ಹತ್ತಿ ಒತ್ತಿಕೊಂಡು ಮನೆಗೇ ಬಂದರು. "ಅಮ್ಮಾ, ನಿನ್ನ ತಮ್ಮ ಕೆನ್ನೆ ಕೊಯ್ದ. ಅದು ಹೋಗಲಿ, ಕತ್ತಿ ಹಿಡ್ಕೊಂಡು ರಕ್ತ ನೋಡ್ತಾ ನಿಂತ್ಬಿಟ್ಟ, ಒರೆಸೋದೂ ಇಲ್ಲ. ಕಣ್ಣು ನೋಡಿದ್ಯಾ ಅವನದು? ಸಣ್ಣಗಾಗಿದಾನೆ, ಮಾತಿಲ್ಲ, ಕಥೆಯಿಲ್ಲ. ಕಾಮಾಲೆ ಇರಬೇಕು."

ಅವಳು ಅಂಗಡಿಗೆ ಓಡಿದಳು. ತಮ್ಮನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಳು. ಪುಡಿ ಏರಿದವರ ಹಾಗೆ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಒಂದು ಮಾತೂ ಕೇಳಬೇಕಾಗಲಿಲ್ಲ.

ಸಂಜೆ ಮೇಷ್ಟ್ರು "ಏನಂತೆ?" ಎಂದು ಕೇಳಿದಾಗ ಅವಳ ಬಾಯಿಂದ ತಾನಾಗಿ ಬಂತು: "ಹೌದು ಮೇಷ್ಟ್ರೇ. ಕಾಮಾಲೆಯೇ."

ಹತ್ತು ದಿನ ಒಂಬತ್ತನೇ ನಂಬರ್ ಹಾಸಿಗೆ. ನರ್ಸಮ್ಮ ಅವಳನ್ನು ಅವನ ಹತ್ತಿರ ಬಿಡಲಿಲ್ಲ. "ಇವನಿಗೆ ನೀನು ಅಕ್ಕ, ಆಯಾ ಅಲ್ಲ. ನೀರು ಕಾಯಿಸು ಸಾಕು." ಅವಳು ಕಾಯಿಸಿದಳು. ಬೇರೆ ಆಯಾ ಬಕೆಟ್ಟು ಒಯ್ದಳು. ಬಕೆಟ್ಟು ವಾಪಸು ಬಂದಾಗ ನೀರಿಗೆ ಕೈಯದ್ದಿ, ತಣ್ಣಗಾಗುವವರೆಗೂ ಕಾಲಿಟ್ಟುಕೊಂಡಿದ್ದನೋ ಇಲ್ಲವೋ ಎಂದು ನೋಡುತ್ತಿದ್ದಳು. ಮೂರನೇ ದಿನ ಮಧ್ಯಾಹ್ನ ಅವನು "ಅಕ್ಕಾ, ಅಕ್ಕಾ" ಎಂದು ಕೂಗಿದ್ದು ಗೋಡೆ ದಾಟಿ ಬಂತು. ಬಾಯ್ಲರಿನ ನಲ್ಲಿ ಹಿಡಿದು ನಿಂತಳು, ಹೋಗಲಿಲ್ಲ. ಎಷ್ಟು ಜನರ ಅಕ್ಕಂದಿರನ್ನು ಅವಳೇ ಬಾಗಿಲಲ್ಲಿ ತಡೆದಿದ್ದಳು! ಆರನೇ ದಿನ ಬೆಳಿಗ್ಗೆ ಅದೇ ಗೋಡೆಯಾಚೆಯಿಂದ, "ಅವರ ಮನೆ ಬೆಕ್ಕು ಐದು ಮರಿ ಹಾಕ್ತು ಅಂದ್ಕೊಳ್ಳಿ, ಅದರಲ್ಲಿ ಒಂದು" ಎಂದು ಪಕ್ಕದ ಹಾಸಿಗೆಯವನಿಗೆ ಹೇಳುವ ದನಿ ಕೇಳಿತು. ಅವಳು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಬಿಡುಗಡೆಯ ದಿನ ಡಾಕ್ಟರು ಇಬ್ಬರನ್ನೂ ಕೂರಿಸಿದರು. "ಮೈಯಿಂದ ಇಳಿಸಿದೀವಿ, ಅಷ್ಟೇ. ಆಸೆ ಇಳಿಯೋಕೆ ವರ್ಷಗಳೇ ಬೇಕು. ಮಾತ್ರೆ ಮುಂದುವರಿಸಬೇಕು."

"ಎಷ್ಟು ದಿನ ಡಾಕ್ಟ್ರೇ? ಅದೂ ಒಂದು ಚಟವೇ ಆಗಲ್ವಾ?" ಎಂದಳು ಅಕ್ಕ. ವಾರ್ಡಿನಲ್ಲಿ ಅಷ್ಟು ವರ್ಷ ಇದ್ದವಳೇ ಕೇಳಿದ್ದು ಇದು.

"ನೀವು ದಿನಾ ಕನ್ನಡಕ ಹಾಕ್ಕೊಳ್ತೀರಲ್ಲ, ಚಟಾನಾ?" ಎಂದು ಅವರು ನಕ್ಕು, ಆಮೇಲೆ ನಗು ಬಿಟ್ಟು ಹೇಳಿದರು: "ಇನ್ನೊಂದು ಮಾತು. ಈಗ ಇವರ ಮೈಗೆ ಹಳೇ ಅಳತೆ ಮರೆತುಹೋಗಿದೆ. ಮಾತ್ರೆ ತಪ್ಪಿ, ಮೊದಲು ತಗೊಳ್ತಿದ್ದಷ್ಟೇ ಪುಡಿ ಒಂದು ಸಲ ತಗೊಂಡರೂ ಉಸಿರು ನಿಂತುಹೋಗುತ್ತೆ."

ಅದನ್ನು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಆರನೇ ನಂಬರಿನ ಡ್ರೈವರು ಗುಣವಾಗಿ, ಎಲ್ಲರ ಕೈ ಕುಲುಕಿ, ಅವಳ ಕಾಲು ಮುಟ್ಟಿ ಹೋಗಿದ್ದ. ಒಂಬತ್ತನೇ ದಿನ ಸುದ್ದಿ ಬಂದಿತ್ತು.

ಮೊದಲ ವಾರಗಳಲ್ಲಿ ಅವನು ದಿನಾ ಆಸ್ಪತ್ರೆಗೇ ಬಂದು ಬೆಂಚಿನ ಮೇಲೆ ಕೂತು ಮಾತ್ರೆ ಕರಗಿಸಿದ. ಆಮೇಲೆ ವಾರಕ್ಕಾಗುವಷ್ಟು ಮಾತ್ರೆ ಅಕ್ಕನ ಕೈಗೆ ಕೊಟ್ಟರು. ಹತ್ತು ನಿಮಿಷ ಜೊತೆಗೆ ಕೂತು, ಬಾಯಿ ನೋಡಿ ಎದ್ದೇಳಬೇಕು ಎಂದು ನರ್ಸಮ್ಮ ಹೇಳಿದಳು. ಅವಳಿಗೇ ಹೇಳಿದಳು! ಅಕ್ಕನಿಗೆ ಸ್ವಲ್ಪ ಸಿಟ್ಟೂ ಬಂತು.

ಆರು ನಲವತ್ತಕ್ಕೆ ಅವಳ ಬಸ್ಸು. ಅವನು ಏಳುವುದು ಆರೂವರೆಗೆ. ನಾಲ್ಕು ದಿನ ಕಾದಳು, ಎರಡು ದಿನ ಬಸ್ಸು ತಪ್ಪಿತು. ಐದನೇ ದಿನ ಮಾತ್ರೆಯನ್ನು ಕಾಗದದಲ್ಲಿ ಮಡಚಿ ಅವನ ಅಂಗಿಯ ಜೇಬಿಗೆ ಹಾಕಿದಳು. "ಅಂಗಡಿ ತೆಗೆಯೋಕೆ ಮುಂಚೆ ಇಟ್ಕೋ. ಹತ್ತು ನಿಮಿಷ. ನಿನಗೇನು ಹೊಸದಾಗಿ ಹೇಳಬೇಕಾ?" ಎಂದು ಓಡಿದಳು. ಹಾಗೇ ಒಂದು ವಾರ ಆಯಿತು, ಎರಡು ವಾರ ಆಯಿತು.

ಆ ಭಾನುವಾರ ಅವಳಿಗೆ ರಜೆ. ಬೆಳಿಗ್ಗೆ ಅಡುಗೆಮನೆಯ ನೆಲದ ಮೇಲೆ ಇಬ್ಬರೂ ಚಹಾ ಕುಡಿಯುತ್ತಿದ್ದರು. ಅವನು ಆಕಳಿಸಿದ. ನಿದ್ದೆ ಸಾಲದು ಎಂದುಕೊಂಡಳು. ಇನ್ನೊಮ್ಮೆ ಆಕಳಿಸಿದ. ಮೂರು, ನಾಲ್ಕು. ಮೂಗನ್ನು ಮಣಿಕಟ್ಟಿನಿಂದ ಒರೆಸಿಕೊಂಡ. ಅವಳ ಕಣ್ಣು ಅವನ ಮುಂಗೈಗೆ ಹೋಯಿತು. ಕೂದಲೆಲ್ಲ ನೆಟ್ಟಗೆ ನಿಂತಿತ್ತು.

"ಎಷ್ಟು ದಿನದಿಂದ?" ಎಂದಳು.

"ಏನು ಎಷ್ಟು ದಿನದಿಂದ?"

"ಮತ್ತೆ ಶುರು ಮಾಡಿ ಎಷ್ಟು ದಿನ ಆಯ್ತು ಅಂತ ಕೇಳಿದೆ."

"ಇಲ್ಲ ಅಕ್ಕಾ. ಅಪ್ಪನಾಣೆ ಇಲ್ಲ. ಮಾತ್ರೆ ದಿನಾ ತಗೊಳ್ತಿದೀನಿ, ಆದ್ರೆ..."

"ಆದ್ರೆ! ಈ ಆದ್ರೆಯನ್ನ ವಾರ್ಡಲ್ಲಿ ದಿನಕ್ಕೆ ಐವತ್ತು ಸಲ ಕೇಳ್ತೀನಿ ಕಣೋ ನಾನು. ಮಾತ್ರೆ ತಗೊಳ್ಳೋನಿಗೆ ಹೀಗಾಗುತ್ತಾ? ಯಾರಿಗೆ ಕಿವಿ ಮೇಲೆ ಹೂ ಇಡ್ತೀಯ? ಮಾತ್ರೆ ಮಾರ್ಕೊಂಡ್ಯಾ? ಅದನ್ನ ಮಾರಿ ಇದನ್ನ ಕೊಂಡ್ಯಾ?"

"ಹೇಳೋದು ಕೇಳು ಸ್ವಲ್ಪ."

ಅವಳು ಕೇಳಲಿಲ್ಲ. ಬೀದಿಗೆಲ್ಲ ಸುದ್ದಿ ಹೇಳುವವನಿಗೆ ಮನೆಯಲ್ಲಿ ಒಂದು ಮಾತು ಪೂರ್ತಿ ಮಾಡಲು ಬಿಡಲಿಲ್ಲ. ಅವನ ಅಂಗಿ ಎಳೆದು ಜೇಬು ತಿರುವಿ ಹಾಕಿದಳು. ಬಾಚಣಿಗೆ ಬಿತ್ತು, ಮಾತ್ರೆ ಕಟ್ಟಿದ್ದ ಖಾಲಿ ಕಾಗದ ಬಿತ್ತು. "ನನ್ನ ಕಣ್ಣೆದುರು ಇರಬೇಡ. ಹೋಗು" ಎಂದಳು. ಅವನು ಲೋಟ ಕೆಳಗಿಟ್ಟು, ಚಪ್ಪಲಿ ಹಾಕಿಕೊಂಡು, ಹೊರಟ. ಬಾಗಿಲು ಹಾಕಿಕೊಳ್ಳುವಾಗಲೂ ಒಂದು ಆಕಳಿಕೆ ಬಂತು ಅವನಿಗೆ. ಅವಳು ಅದನ್ನೂ ಎಣಿಸಿದಳು.

ಸಿಟ್ಟು ಅರ್ಧ ಗಂಟೆ ಇತ್ತು. ಅದು ಇಳಿದ ಕೂಡಲೇ ಆರನೇ ನಂಬರಿನ ಡ್ರೈವರು ನೆನಪಾದ. ಮಾತ್ರೆಯ ಡಬ್ಬಿ ಕಪಾಟಿನಲ್ಲೇ ಇತ್ತು, ಇವತ್ತಿನದನ್ನು ಅವಳು ಕೊಟ್ಟೇ ಇರಲಿಲ್ಲ. ಮೈಯೆಲ್ಲ ಪುಡಿ ಕೇಳುತ್ತಿರುವವನನ್ನು ಬರಿಗೈಯಲ್ಲಿ ಬೀದಿಗೆ ನೂಕಿದ್ದಳು. ಗಲ್ಲಿ ಎಷ್ಟು ದೂರ? ಕಾಲು ಗಂಟೆಯ ದಾರಿ. ಹಳೇ ಅಳತೆ ಎಷ್ಟು ಎಂದು ಅವನ ಕೈಗೆ ನೆನಪಿದೆ, ಮೈಗೆ ನೆನಪಿಲ್ಲ. ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಓಡಿದಳು.

ಅಂಗಡಿಯ ಶಟರ್ ಎಳೆದಿತ್ತು. ಮೆಟ್ಟಿಲ ಮೇಲೆ ಮೇಷ್ಟ್ರು, ಮಡಚಿದ ಪೇಪರು ತೊಡೆಯ ಮೇಲೆ, ಗಡ್ಡ ಹಾಗೇ.

"ಎಲ್ಲಮ್ಮಾ ಅವನು? ಭಾನುವಾರ ಇಷ್ಟೊತ್ತಿಗೆ ನಾಲ್ಕು ತಲೆ ಮುಗಿಸಿರ್ತಿದ್ದ. ನಾನೇ ನಿನಗೆ ಹೇಳಬೇಕು ಅಂತಿದ್ದೆ, ಕಾಮಾಲೆ ಮತ್ತೆ ಬಂದಿದೆ ಅನ್ಸುತ್ತೆ."

"ಯಾಕೆ ಮೇಷ್ಟ್ರೇ?"

"ನಾನು ಬರೋ ಹೊತ್ತಿಗೆ ಶಟರ್ ಅರ್ಧ ಎಳ್ಕೊಂಡು, ಒಳಗೆ ಬಾಯಿ ಬಿಗಿದು ಕೂತಿರ್ತಾನೆ. ಕೈಸನ್ನೆ ಮಾಡ್ತಾನೆ. ಹೋದ ಸಲ ಕಾಯಿಲೆ ಶುರುವಾಗಿದ್ದೂ ಮಾತು ನಿಂತೇ ಅಲ್ವಾ? ಆಗ ನಾನು ಸುಮ್ನಿದ್ದು ತಪ್ಪು ಮಾಡಿದೆ. ಈ ಸಲ ಬಿಡಲಿಲ್ಲ. ಏನಯ್ಯಾ, ಮೇಷ್ಟ್ರು ಕೇಳಿದ್ರೆ ಉತ್ತರ ಇಲ್ವಾ ಅಂತ ಗದರಿಸಿದೆ. ಗಟಕ್ಕನೆ ಏನೋ ನುಂಗಿ, ಚೆನ್ನಾಗಿದೀನಿ ಮೇಷ್ಟ್ರೇ ಅಂದ. ಆವತ್ತಿಂದ ದಿನಾ ಹಾಗೇ ಬಾಯಿ ಬಿಡಿಸ್ತಿದೀನಿ."

ಗಟಕ್ಕನೆ. ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಎರಡು ವಾರ ಒಂದೊಂದು ಮಾತ್ರೆಯೂ ಮೇಷ್ಟ್ರಿಗೆ ಉತ್ತರವಾಗಿ ಹೊಟ್ಟೆಗೆ ಹೋಗಿತ್ತು. ಬಾಯಲ್ಲಿ ಔಷಧಿ ಇದೆ ಎಂದರೆ ಯಾವ ಔಷಧಿ ಎಂದು ಕೇಳುತ್ತಾರೆ. ಅಕ್ಕ ಊರಿಗೆಲ್ಲ ಕಾಮಾಲೆ ಎಂದಿದ್ದಾಳೆ. ಅವಳ ಸುಳ್ಳನ್ನು ಕಾಪಾಡಲು ಅವನು ನುಂಗಿದ್ದ.

"ಕಾಮಾಲೆ ಅಲ್ಲ ಮೇಷ್ಟ್ರೇ" ಎಂದಳು. "ಪುಡಿ ಸೇದ್ತಿದ್ದ. ನಮ್ಮ ವಾರ್ಡಲ್ಲೇ ಬಿಡಿಸಿದ್ವಿ. ಅದು ಅದರ ಮಾತ್ರೆ, ನಾಲಿಗೆ ಕೆಳಗೆ ಕರಗಬೇಕು. ನುಂಗಿದ್ರೆ ಹತ್ತೋದಿಲ್ಲ." ಆ ಬೀದಿಯಲ್ಲಿ ಆ ಪದವನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಮೇಷ್ಟ್ರು ಕನ್ನಡಕ ತೆಗೆದರು, ಒರೆಸಲಿಲ್ಲ, ಹಾಗೇ ಹಿಡಿದುಕೊಂಡರು. "ಹಾಗಾದ್ರೆ ದಿನಾ ನುಂಗಿಸಿದ್ದು ನಾನೇ" ಎಂದರು. ಆಮೇಲೆ ಎದ್ದು, "ನಾನು ಥಿಯೇಟರ್ ಕಡೆ ನೋಡ್ತೀನಿ. ನೀನು ಆ ಕಡೆ ಹೋಗು, ನಡಿ" ಎಂದರು. ಎಪ್ಪತ್ತು ದಾಟಿದ ಮನುಷ್ಯ, ಓಡುವುದನ್ನು ಅವಳು ನೋಡಿದ್ದು ಅದೊಂದೇ ಸಲ.

ಬಸ್ ಸ್ಟ್ಯಾಂಡು, ಸೇತುವೆಯ ಕೆಳಗೆ, ಅವನ ಹಳೇ ಗೆಳೆಯನೊಬ್ಬನ ಶೆಡ್ಡು. ಎಲ್ಲೂ ಇಲ್ಲ. ಕಾಲು ತಾನಾಗಿ ಆಸ್ಪತ್ರೆಗೆ ನಡೆಯಿತು. ಯಾರನ್ನಾದರೂ ತಂದು ಹಾಕಿದ್ದರೆ ಅಲ್ಲಿಗೇ ತಂದಿರುತ್ತಾರೆ ಎಂಬ ಕೆಟ್ಟ ಯೋಚನೆಯಿಂದಲೇ ನಡೆಯಿತು.

ಮೆಟ್ಟಿಲ ತುದಿಯಲ್ಲಿ ನರ್ಸಮ್ಮ ಶೀಟು ಹಿಡಿದು ನಿಂತಿದ್ದಳು. "ಬಂದ್ಯಾ? ನಿನ್ನ ತಮ್ಮ ತಾನೇ ನಡ್ಕೊಂಡು ಬಂದ. ಮೂತ್ರ ಪರೀಕ್ಷೆ ಮಾಡಿದ್ವಿ, ಪುಡಿ ಇಲ್ಲ. ಡಾಕ್ಟ್ರನ್ನ ಕೇಳಿ ಮಾತ್ರೆ ಕೊಟ್ಟಿದೀನಿ." ಸ್ವಲ್ಪ ತಡೆದು ಕೇಳಿದಳು: "ಹನ್ನೆರಡು ಜನರ ನಾಲಿಗೆ ಎತ್ತಿಸ್ತೀಯಲ್ಲ, ಈ ಎರಡು ವಾರದಲ್ಲಿ ಇವನದು ಒಂದು ಸಲನಾದ್ರೂ ನೋಡಿದ್ಯಾ?"

ಅವಳು ನರ್ಸಮ್ಮನನ್ನು ದಾಟಿ ಒಳಗೆ ನಡೆದಳು.

ಅವನು ಬಿಸಿನೀರಿನ ಕೋಣೆಯಲ್ಲಿದ್ದ. ಅವಳ ಸ್ಟೂಲಿನ ಮೇಲೆ ಕಂಬಳಿ ಹೊದ್ದು, ಬಕೆಟ್ಟಿನಲ್ಲಿ ಕಾಲಿಟ್ಟು ಕೂತಿದ್ದ. ಅವಳನ್ನು ನೋಡಿ ಬಾಯಿ ತೋರಿಸಿದ, ಗೋಡೆ ಗಡಿಯಾರ ತೋರಿಸಿದ. ಮಾತ್ರೆ ಈಗಷ್ಟೇ ಇಟ್ಟಿದ್ದು.

ಅವಳು ನೆಲದ ಮೇಲೆ ಕೂತಳು. ಹತ್ತು ನಿಮಿಷ ಅವಳೇ ಮಾತಾಡಿದಳು. ಮೇಷ್ಟ್ರು ಹೇಳಿದ್ದು, ಬಸ್ಸು, ಕಾಮಾಲೆ, "ನನ್ನದೇ ತಪ್ಪು ಕಣೋ, ನಾಚಿಕೆ ಪಟ್ಟೆ, ನಿನಗಿಂತ ನನ್ನ ಮರ್ಯಾದೆ ದೊಡ್ಡದಾಯ್ತು" ಎಂದಳು. ಮೂರನೇ ದಿನ ಅವನು ಕೂಗಿದಾಗ ನಲ್ಲಿ ಹಿಡಿದು ನಿಂತದ್ದನ್ನೂ ಹೇಳಿದಳು. ಅವನು ಬಿಗಿದ ತುಟಿಯಲ್ಲಿ ಕೇಳಿದ, ಕಣ್ಣಿಂದ ನೀರು ಇಳಿಯುತ್ತಿತ್ತು. ಅದು ಪುಡಿಯ ನೀರೋ ಅಳುವೋ ಎಂದು, ಇಷ್ಟು ವರ್ಷದ ಅನುಭವದಲ್ಲೂ, ಅವಳಿಗೆ ತಿಳಿಯಲಿಲ್ಲ. ಹತ್ತು ನಿಮಿಷ ಮುಗಿದಾಗ ಅವಳು ಕೇಳದೆಯೇ ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಿದ.

"ಗಲ್ಲಿವರೆಗೂ ಹೋಗಿದ್ದೆ ಅಕ್ಕಾ" ಎಂದ. "ಸುಳ್ಳು ಯಾಕೆ ಹೇಳಲಿ. ಅಲ್ಲೇ ನಿಂತಿದ್ದೆ. ಆಮೇಲೆ ತುಂಬಾ ಚಳಿ ಆಯ್ತು. ಬಿಸಿನೀರು ನೆನಪಾಯ್ತು."

ಮರುದಿನ ಏಳೂವರೆಗೆ ಮೇಷ್ಟ್ರು ಕೈಗಡಿಯಾರ ಬಿಚ್ಚಿ ಕನ್ನಡಿಯ ಮುಂದಿಟ್ಟರು. "ಹಾಕ್ಕೋ ಬಾಯಿಗೆ. ನಲವತ್ತು ವರ್ಷ ಹುಡುಗರಿಗೆ ಬಾಯಿ ಮುಚ್ಚು ಬಾಯಿ ಮುಚ್ಚು ಅಂದೆ, ಒಬ್ಬನೂ ಮುಚ್ಚಲಿಲ್ಲ. ನೀನಾದ್ರೂ ಮುಚ್ಚು" ಎಂದು ಪೇಪರು ಬಿಡಿಸಿದರು. ಹತ್ತು ನಿಮಿಷಕ್ಕೆ ಸರಿಯಾಗಿ, "ಎಲ್ಲಿ, ನಾಲಿಗೆ ಎತ್ತು. ಹ್ಞೂಂ, ಈಗ ಮಾತಾಡು." ತಡೆದಿಟ್ಟ ಮಾತೆಲ್ಲ ಒಟ್ಟಿಗೇ ನುಗ್ಗುತ್ತಿತ್ತು. ಅದು ದಿನಚರಿಯಾಯಿತು. ಮೊದಮೊದಲು ಪಿಸುಪಿಸು ನಡೆಯಿತು, ಇಬ್ಬರು ಮೂವರು ಬೇರೆ ಅಂಗಡಿಗೆ ಹೋದರು, ಹೋಗಲಿ. ಉಳಿದವರು ಆ ಹತ್ತು ನಿಮಿಷ ತಾವೂ ಮಾತಾಡದೆ ಕೂರಲು ಕಲಿತರು. ರಜೆಯ ದಿನ ಅಕ್ಕನೂ ಹೋಗಿ ಬೆಂಚಿನ ತುದಿಯಲ್ಲಿ ಕೂರುತ್ತಿದ್ದಳು. ಪೇಪರಿನ ಸದ್ದು, ಸೋಪಿನ ವಾಸನೆ, ಶಟರ್ ಕೆಳಗಿಂದ ಬರುವ ಬಿಸಿಲು. ಅವಳ ಆಯುಷ್ಯದಲ್ಲಿ ಅಷ್ಟು ನೆಮ್ಮದಿಯ ಹೊತ್ತು ಬೇರೆ ಇರಲಿಲ್ಲ.

ಎಂಟು ವರ್ಷ ಮಾತ್ರೆ ನಡೆಯಿತು. ಆಮೇಲೆ ಡಾಕ್ಟರು ಒಂದು ವರ್ಷದುದ್ದಕ್ಕೂ ಸ್ವಲ್ಪ ಸ್ವಲ್ಪವೇ ಇಳಿಸಿ ನಿಲ್ಲಿಸಿದರು. ಅಷ್ಟರಲ್ಲಿ ಮೇಷ್ಟ್ರು ಹೋಗಿಬಿಟ್ಟಿದ್ದರು. ಅವರ ಕೊನೆಯ ಗಡ್ಡ ಕೆರೆದವನು ರೇಡಿಯೊನೇ, ಒಂದು ಗೀರೂ ಆಗದ ಹಾಗೆ. ಮಾತ್ರೆ ನಿಂತ ಮೇಲೂ ಏಳೂವರೆಯ ಮೌನ ನಿಲ್ಲಲಿಲ್ಲ. "ಯಾಕೋ ಇನ್ನೂ?" ಎಂದರೆ, "ಮೇಷ್ಟ್ರಿಗೆ" ಎನ್ನುತ್ತಿದ್ದ.

ಐವತ್ತೆಂಟಕ್ಕೆ ಅವನಿಗೆ ಎದೆನೋವು ಬಂತು. ಅದೇ ಆಸ್ಪತ್ರೆ, ಮುಂದಿನ ಹೊಸ ಕಟ್ಟಡ. ಹಿಂದಿನ ಕಟ್ಟಡದಲ್ಲಿ ಆಗಲೇ ಹಳೇ ಫೈಲು ತುಂಬಿದ್ದರು, ಬಾಯ್ಲರ್ ಗುಜರಿಗೆ ಹೋಗಿತ್ತು. ಅವಳನ್ನು ಗುರುತಿಸುವವರೂ ಇರಲಿಲ್ಲ. ಚಿಕ್ಕ ವಯಸ್ಸಿನ ನರ್ಸೊಬ್ಬಳು ಬಂದು, "ಅಜ್ಜಾ, ಬಾಯಿ ತೆಗೀರಿ. ಇದನ್ನ ನಾಲಿಗೆ ಕೆಳಗೆ ಇಟ್ಕೊಳ್ಳಿ. ನುಂಗಬಾರದು, ಮಾತಾಡಬಾರದು" ಎಂದಳು. ಎದೆನೋವಿನ ಮಾತ್ರೆ ಅದು. ತಮ್ಮ ಅಕ್ಕನ ಕಡೆ ತಿರುಗಿದ. ಆ ನೋವಿನಲ್ಲೂ ಅವನ ಕಣ್ಣು ನಕ್ಕಿತು. ಇಬ್ಬರೂ ಒಟ್ಟಿಗೆ ಗೋಡೆಯ ಗಡಿಯಾರ ನೋಡಿದರು. ಎರಡು ನಿಮಿಷಕ್ಕೆ ನರ್ಸು "ಕರಗಿರುತ್ತೆ, ಈಗ ಮಾತಾಡಬಹುದು" ಎಂದಳು. ಅವನು ಎರಡು ಕೈಯ ಹತ್ತೂ ಬೆರಳು ಬಿಡಿಸಿ ತೋರಿಸಿದ, ಹತ್ತು ಪೂರ್ತಿ ಮಾಡಿದ, ಅಕ್ಕನಿಗೆ ನಾಲಿಗೆ ಎತ್ತಿ ತೋರಿಸಿದ. ಆಮೇಲೆ ಎರಡು ದಿನ ಇಡೀ ವಾರ್ಡಿಗೆ ಬೆಕ್ಕಿನ ಕಥೆ ಹೇಳಿದ. ಮೂರನೇ ಬೆಳಿಗ್ಗೆ ಇರಲಿಲ್ಲ.

ಸಾವಿನ ಕಾಗದದಲ್ಲಿ ಕಾರಣ ಎಂಬಲ್ಲಿ ಹೃದಯಾಘಾತ ಎಂದು ಬರೆದಿತ್ತು. ಅವಳು ಅದನ್ನು ಮೂರು ಸಲ ಓದಿದಳು. ಎಲ್ಲರಿಗೂ ಬರುವ ಕಾಯಿಲೆಯಲ್ಲಿ, ಎಲ್ಲರ ಹಾಗೆ ಹೋಗಿದ್ದ. ಅವಳಿಗೆ ಅಳು ಬಂತು, ಅದರೊಳಗೆ ಹೆಮ್ಮೆಯೂ ಇತ್ತು. ಅದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಅಂದಿನಿಂದ ಏಳೂವರೆಯ ಹತ್ತು ನಿಮಿಷ ಅವಳ ಪಾಲಿಗೆ ಬಂತು.

ಮೊನ್ನೆ ಪಕ್ಕದ ಮನೆಯವಳು ಬಟ್ಟಲಿಲ್ಲದೆ ಬಂದಳು. ಬಾಗಿಲಲ್ಲಿ ಕಾದಳು. ಏಳು ನಲವತ್ತಾದ ಮೇಲೆ ಮೆಲ್ಲಗೆ, "ಅಕ್ಕಾ, ಆ ಪ್ರಾರ್ಥನೆ ನನಗೂ ಹೇಳ್ಕೊಡ್ತೀರಾ?" ಎಂದಳು. "ನನ್ನ ದೊಡ್ಡ ಮಗಳು ಮೂರು ತಿಂಗಳಿಂದ ಮನೇಲಿ ಮಾತೇ ಆಡ್ತಿಲ್ಲ. ಎಷ್ಟು ಮಾತಾಡೋಳು! ಕೆಲಸದ ಸುಸ್ತು ಅಂತ ಎಲ್ಲರಿಗೂ ಹೇಳ್ತಿದೀನಿ. ನನಗೇ ನಂಬಿಕೆ ಇಲ್ಲ."

ಬಿಸಿನೀರಕ್ಕ ಅವಳನ್ನು ನೋಡಿದಳು. ಸುಮ್ಮನೆ ಹ್ಞೂಂ ಎಂದುಬಿಡುವುದು ಸುಲಭವಿತ್ತು. ಹಿಂದೊಮ್ಮೆ ಒಂದು ಸಂಜೆ ಮೇಷ್ಟ್ರಿಗೆ ಅಷ್ಟೇ ಸುಲಭವಾಗಿ ಹೌದು ಎಂದಿದ್ದಳು.

"ಪ್ರಾರ್ಥನೆ ಅಲ್ಲ ಕಣೇ ಅದು" ಎಂದಳು. "ಬಾ ಒಳಗೆ, ಬಾಗಿಲು ತೆಗೆದೇ ಇರಲಿ. ಕೂತ್ಕೋ. ನನ್ನ ತಮ್ಮ ಪುಡಿ ಸೇದ್ತಿದ್ದ."